ಮೂರು ಸಲ ಕರೆದರೆ

ನಿನ್ನ ಅಡುಗೆಮನೆಯ ಮೇಜಿನಿಂದ,
ತಾರೀಖು ಹದಿನಾಲ್ಕು, ಬುಧವಾರ. ಅಲ್ಲ, ಗುರುವಾರ. ಈಗ ಎದ್ದು ಹೋಗಿ ಕ್ಯಾಲೆಂಡರ್ ನೋಡಿ ಬಂದೆ.
ಬೆಳಿಗ್ಗೆ ಹತ್ತೂವರೆ.

ನನ್ನ ಬಂಗಾರದ ಮಗಳೇ,

ಹೇಗಿದ್ದೀಯಮ್ಮ? ಕಾಲಿನ ಊತ ಇಳಿಯಿತೇ? ಹೋದ ಭಾನುವಾರ ಫೋನಿನಲ್ಲಿ ನಿನ್ನ ಮುಖ ನೋಡಿದಾಗಲೇ ಅಂದುಕೊಂಡೆ, ಇವಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲ, ನಿಂತ ಕಾಲಲ್ಲೇ ಎರಡು ಬಿಸ್ಕತ್ತು ಟೀಯಲ್ಲಿ ಅದ್ದಿ ಹೊಟ್ಟೆಗೆ ಸಮಾಧಾನ ಹೇಳುತ್ತಿದ್ದಾಳೆ ಎಂದು. ನರ್ಸಿಗೆ ಬುದ್ಧಿ ಹೇಳಲು ದರ್ಜಿ ಬಂದಳು ಎಂದು ನಗಬೇಡ. ಡ್ಯೂಟಿ ಮುಗಿಸಿ ಬಂದ ಮೇಲೆ ಹತ್ತು ನಿಮಿಷ ಕಾಲುಗಳನ್ನು ಎರಡು ದಿಂಬಿನ ಮೇಲೆ ಇಟ್ಟು ಮಲಗು. ನಾನು ಹೊಲಿದು ಕಳಿಸಿದ ನೈಟಿ ಭುಜದಲ್ಲಿ ಸಡಿಲವಾಗಿದೆ ಅಂದೆಯಲ್ಲ, ಅದು ನೀನು ಇಳಿದಿದ್ದೀಯ ಎಂದೇ ಹೊರತು ನನ್ನ ಅಳತೆ ತಪ್ಪಿದೆ ಎಂದಲ್ಲ. ಮೂವತ್ತೆರಡು ವರ್ಷ ಇಡೀ ಬೀದಿಯ ಹೆಂಗಸರ ಅಳತೆಯನ್ನು ಚೀಟಿಯಿಲ್ಲದೆ ತಲೆಯಲ್ಲಿ ಇಟ್ಟುಕೊಂಡವಳು ನಾನು. ನಿನ್ನ ತರಬೇತಿ ಇನ್ನೂ ಆರು ವಾರ ಇದೆ. ಅಷ್ಟರಲ್ಲಿ ಇನ್ನೂ ಇಳಿದರೆ ನಿನ್ನನ್ನು ಹ್ಯಾಂಗರಿಗೆ ನೇತುಹಾಕಬೇಕಾಗುತ್ತದೆ, ನೋಡಿಕೋ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಕ್ಕಳಿಬ್ಬರೂ ಚೆನ್ನಾಗಿದ್ದಾರೆ. ಯಜಮಾನಿ ಸ್ಕೂಲಿಗೆ ಹೋಗಿದ್ದಾಳೆ, ಇಲಿಮರಿ ಶಿಶುವಿಹಾರಕ್ಕೆ ಹೋಗಿದ್ದಾನೆ, ಇಬ್ಬರ ಮೈಮೇಲೂ ಒಂದು ಗೀರಿಲ್ಲ. ಈ ಸಾಲನ್ನು ಇನ್ನೊಂದು ಸಲ ಓದಿ, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಓದು. ಫೋನಿನಲ್ಲಿ ಹೇಳುವುದು ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದಾಳೆ ಮುದುಕಿ ಎಂದು ಕೇಳುತ್ತೀಯ. ಭಾನುವಾರದ ಫೋನು ಅಂದರೆ ಅದೊಂದು ಸಂತೆ. ಅಳಿಯಂದಿರು ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಇಡುತ್ತಾರೆ, ಇಲಿಮರಿ ತನ್ನ ಹಲ್ಲು ತೋರಿಸುತ್ತಾನೆ, ಯಜಮಾನಿ ನನ್ನ ಮೇಲೆ ಚಾಡಿ ಹೇಳುತ್ತಾಳೆ, ನನ್ನ ಪಾಲಿಗೆ ಸಿಗುವುದು ಊಟ ಆಯ್ತಾ ಅನ್ನುವ ಎರಡು ಮಾತು. ಎಲ್ಲರ ಎದುರು ಹೇಳಲಾಗದ್ದು ಇದು. ಫ್ರಿಜ್ಜಿನ ಮೇಲೆ ಅಂಟಿಸಿರುವ ನಿನ್ನ ಹಾಸ್ಟೆಲಿನ ವಿಳಾಸವನ್ನು ನೋಡಿಕೊಂಡು, ನನಗೆ ಗೊತ್ತಿಲ್ಲದ ಈ ದೇಶದ ಅಕ್ಷರಗಳನ್ನು ಒಂದೊಂದಾಗಿ ಕಸೂತಿ ಹಾಕಿದ ಹಾಗೆ ಕವರಿನ ಮೇಲೆ ಬರೆದು ಇಟ್ಟಿದ್ದೇನೆ. ಮೂಲೆಯ ಅಂಚೆ ಡಬ್ಬಿಗೆ ನಾನೇ ಹಾಕಿ ಬರುತ್ತೇನೆ.

ಮನೆಯಲ್ಲಿ ಎಲ್ಲ ಎಂದಿನಂತೆ. ಅಳಿಯಂದಿರು ಪಾಪ, ದಿನಾ ಒಂದಲ್ಲ ಒಂದು ಲಿಫ್ಟಿನ ಗುಂಡಿಯೊಳಗೆ ಇಳಿದು ಗ್ರೀಸು ಬಳಿದುಕೊಂಡು ಬರುತ್ತಾರೆ, ಬಂದು ಪಾತ್ರೆಯನ್ನೂ ತೊಳೆಯುತ್ತಾರೆ. ಅಂಥ ಅಳಿಯ ಸಿಗಬೇಕಾದರೆ ನಾನು ಯಾವ ಜನ್ಮದಲ್ಲಿ ಯಾರಿಗೆ ಪುಕ್ಕಟೆ ಹೊಲಿದು ಕೊಟ್ಟಿದ್ದೆನೋ. ಇಲಿಮರಿಗೆ ಒಂದು ಹೊಸ ಅಂಗಿ ಹೊಲಿದೆ. ಎರಡು ತೋಳೂ ಎಡಗಡೆಯದೇ ಆಗಿಬಿಟ್ಟವು, ಬಿಚ್ಚಿ ಮತ್ತೆ ಹೊಲಿದೆ. ಹೊಸದಾಗಿ ಕಲಿಯುವ ಹುಡುಗಿಯರು ಹಾಗೆ ಮಾಡಿದರೆ ನಾನು ಅವರ ಕಿವಿ ಹಿಂಡುತ್ತಿದ್ದೆ, ನಿನಗೆ ನೆನಪಿರಬೇಕು. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ, ಯಜಮಾನಿ ಒಬ್ಬಳು ನಕ್ಕಳು. ಅವಳಿಗೆ ಒಂಬತ್ತು ತುಂಬಿತು ಅಂದರೆ ಯಾರೂ ನಂಬುವುದಿಲ್ಲ, ಸೊಸೆಗೆ ಕಾಟ ಕೊಡುವ ಐವತ್ತೊಂಬತ್ತರ ಅತ್ತೆಯ ಹಾಗೆ ಆಡುತ್ತಾಳೆ.

ನೀನು ತರಬೇತಿಗೆ ಹೋದ ಮೊದಲ ವಾರದಲ್ಲಿ ಇಲಿಮರಿ ಬಹಳ ಹಠ ಮಾಡುತ್ತಿದ್ದ. ಸಮಾಧಾನ ಮಾಡಲು ನಮ್ಮಮ್ಮನ ಆಟ ಹೇಳಿಕೊಟ್ಟೆ. ನೀನೂ ಆಡಿದವಳೇ. ಒಂದು ಸಲ ಕರೆದರೆ ಗಾಳಿ, ಎರಡು ಸಲ ಕರೆದರೆ ನೆರಳು, ಮೂರು ಸಲ ಕರೆದರೆ ಮನುಷ್ಯರು. ಒಂದೇ ಸಲ ಕರೆದವರಿಗೆ ಓಗೊಡಬಾರದು ಎಂದು ನಮ್ಮಮ್ಮ ನಮಗೆಲ್ಲ ಹೇಳಿಕೊಟ್ಟಿದ್ದಳು. ನೀನು ಐದು ವರ್ಷದವಳಿದ್ದಾಗ ಅಕ್ಕಿ ಡಬ್ಬದ ಹಿಂದೆ ಕೂತು, ನಾನು ಗಂಟಲು ಹರಿದುಕೊಂಡು ಮೂರನೇ ಸಲ ಕರೆಯುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ತಾಯಿಯಂತೆ ಮಗ. ಹೆಸರಿಗೆ ತಕ್ಕ ಹಾಗೆ ಸಂದಿಗೊಂದಿ ಹುಡುಕಿ ಸೇರಿಕೊಳ್ಳುತ್ತಾನೆ, ಮೂರನೆಯ ಕೂಗಿಗೆ ಸರಿಯಾಗಿ 'ಓ' ಅಂದು ಹೊರಗೆ ಬರುತ್ತಾನೆ. ಈ ಆರು ವಾರದಲ್ಲಿ ದಿನಕ್ಕೆ ಹತ್ತು ಸಲ ಆಡಿದ್ದೇವೆ.

ಈಗ ಶನಿವಾರದ ಸಂಗತಿ. ಯಜಮಾನಿಯ ಸ್ಕೂಲು ಶೂಗೆ ಹೆಬ್ಬೆರಳ ಹತ್ತಿರ ತೂತು ಬಿದ್ದಿತ್ತು. ಹೊಸದು ಕೊಡಿಸಲು ಅಳಿಯಂದಿರು ನಮ್ಮನ್ನೆಲ್ಲ ಆ ದೊಡ್ಡ ಮಾಲ್‌ಗೆ ಕರೆದುಕೊಂಡು ಹೋದರು. ನಾವು ಒಳಗೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ, ಅವರಿಗೆ ಫೋನು ಬಂತು. ಯಾವುದೋ ಆಫೀಸು ಕಟ್ಟಡದ ಲಿಫ್ಟು ನಡುವೆ ನಿಂತುಹೋಗಿದೆ, ಒಳಗೆ ನಾಲ್ಕು ಜನ ಸಿಕ್ಕಿಕೊಂಡಿದ್ದಾರೆ ಎಂದು. ಹೋಗದೆ ಇರುವ ಹಾಗಿಲ್ಲ. "ಅತ್ತೆ, ಒಂದು ಗಂಟೆ ಅಷ್ಟೇ. ಶೂ ತಗೊಂಡು ಕೆಳಗಡೆ ಆ ಕಾರಂಜಿ ಹತ್ರ ಕೂತಿರಿ, ಎಲ್ಲಿಗೂ ಹೋಗಬೇಡಿ" ಅಂದರು. ನಾನು "ಹೋಗಿ ಬನ್ನಿ, ನಾಲ್ಕು ಮಕ್ಕಳನ್ನ ಸಾಕಿದವಳಿಗೆ ಎರಡು ಮಕ್ಕಳು ಹೆಚ್ಚಾ" ಅಂದೆ. ಅಂದದ್ದು ನಾನೇ, ಇದನ್ನು ನೆನಪಿಟ್ಟುಕೋ.

ಆ ಜಾಗ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಕಿಟಕಿಯಿಲ್ಲ, ಗೋಡೆ ಗಡಿಯಾರವಿಲ್ಲ, ಒಳಗೆ ಹೋದರೆ ಬೆಳಿಗ್ಗೆಯೋ ಸಂಜೆಯೋ ತಿಳಿಯುವುದಿಲ್ಲ. ಯಾವ ಕಡೆ ತಿರುಗಿದರೂ ಅದೇ ಬಿಳಿ ದೀಪ, ಅದೇ ಹೊಳೆಯುವ ನೆಲ, ಅದೇ ತಲೆಯಿಲ್ಲದ ಬೊಂಬೆಗಳು ಒಳ್ಳೊಳ್ಳೆ ಬಟ್ಟೆ ಹಾಕಿಕೊಂಡು ನಿಂತಿರುತ್ತವೆ. ಬಟ್ಟೆ ತೋರಿಸಲು ತಲೆ ಯಾಕೆ ತೆಗೆಯಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಓಡುವ ಮೆಟ್ಟಿಲು ಕಂಡರಂತೂ ನನ್ನ ಸೆರಗನ್ನು ನಾನೇ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತೇನೆ. "ಹೆದರಬೇಡಿ ಅತ್ತೆ, ಅದನ್ನ ಹೋದ ತಿಂಗಳು ನಾನೇ ರಿಪೇರಿ ಮಾಡಿದ್ದು" ಅಂತ ಅಳಿಯಂದಿರು ಹಿಂದೊಮ್ಮೆ ಅಂದಿದ್ದರು. ಅದಕ್ಕೇ ಇನ್ನೂ ಹೆಚ್ಚು ಹೆದರಿಕೆ ಅಂದೆ, ಬಿದ್ದು ಬಿದ್ದು ನಕ್ಕರು. ಶನಿವಾರ ನಾವು ಮೂವರೂ ಲಿಫ್ಟಿನಲ್ಲೇ ಮೂರನೇ ಮಹಡಿಗೆ ಹೋದೆವು.

ಅಲ್ಲಿ ಒಂದೇ ಅಂಗಡಿ, ನಮ್ಮ ಹಳೆಯ ಬೀದಿಯಷ್ಟು ಉದ್ದ. ಒಂದು ಕೊನೆಯಲ್ಲಿ ಶೂ, ಇನ್ನೊಂದು ಕೊನೆಯಲ್ಲಿ ಮಕ್ಕಳ ಬಟ್ಟೆ, ನಡುವೆ ದೊಡ್ಡ ದೊಡ್ಡ ಕೋಟುಗಳನ್ನು ಸುತ್ತಲೂ ಕೊಡೆಯ ಹಾಗೆ ನೇತುಹಾಕಿದ ಕಂಬಿಗಳು. ಯಜಮಾನಿ ಶೂ ಹುಡುಗಿಯ ಜೊತೆ ಇಲ್ಲಿಯ ಭಾಷೆಯಲ್ಲಿ ಪಟಪಟ ಮಾತಾಡುತ್ತಾ ಕೂತಳು. ನಾನು ಇಲಿಮರಿಯನ್ನು ಕರೆದುಕೊಂಡು ಬಟ್ಟೆ ನೋಡುತ್ತಾ ಹೋದೆ. ಒಂದು ನೀಲಿ ಫ್ರಾಕು ಕಣ್ಣಿಗೆ ಬಿತ್ತು. ಹೊರಗಿನಿಂದ ರಾಣಿ, ಒಳಗೆ ತಿರುವಿ ನೋಡಿದರೆ ಅಯ್ಯೋ ದೇವರೇ, ಅಂಚನ್ನು ಮಡಿಸಿಯೇ ಇಲ್ಲ, ದಾರ ಎಲ್ಲೆಲ್ಲೋ ಹಾರುತ್ತಿದೆ, ಸೊಂಟದ ನೆರಿಗೆ ಒಂದು ದಪ್ಪ ಒಂದು ಸಣ್ಣ. ಕೈ ಸುಮ್ಮನಿರಲಿಲ್ಲ. ಒಂದಾದ ಮೇಲೊಂದು ತಿರುವಿ ನೋಡುತ್ತಾ, ಇದನ್ನು ನಾನಾದರೆ ಹೀಗೆ ಕತ್ತರಿಸುತ್ತಿದ್ದೆ, ಅದನ್ನು ಹಾಗೆ ಎಂದು ಮನಸ್ಸಿನಲ್ಲೇ ಹೊಲಿಯುತ್ತಾ ನಿಂತುಬಿಟ್ಟೆ. ಯಜಮಾನಿ ಹೊಸ ಶೂ ಮೆಟ್ಟಿಕೊಂಡೇ ಬಂದಳು. ಲಿಫ್ಟಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅವಳು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು. ಕೆಳಗೆ ಬಂದು ಕಾರಂಜಿಯ ಕಟ್ಟೆಯ ಮೇಲೆ ಕೂತೆವು. ಆಗ ನೋಡಿದರೆ ಇಲಿಮರಿ ಇಲ್ಲ. ಕೈಯಲ್ಲಿದ್ದ ಕೈ ಯಾವಾಗ ಜಾರಿತೋ ತಿಳಿಯಲೇ ಇಲ್ಲ.

ಆಮೇಲಿನದನ್ನು ಹೇಗೆ ಬರೆಯಲಿ. ಕಾಲಿನ ಕೆಳಗಿನ ನೆಲ ಹೋಯಿತು ಅನ್ನುತ್ತಾರಲ್ಲ, ನನಗೆ ನೆಲ ಹೋಗಲಿಲ್ಲ, ಕಾಲೇ ಹೋಯಿತು. ಎದ್ದು ನಿಂತವಳು ಹಾಗೇ ಕೂತೆ. ಸುತ್ತಲೂ ನೂರಾರು ಮಕ್ಕಳು, ಎಲ್ಲರೂ ಒಂದೇ ಥರದ ಜಾಕೆಟು ಹಾಕಿಕೊಂಡವರು, ಬೆನ್ನು ನೋಡಿದರೆ ಎಲ್ಲರೂ ನಮ್ಮವನೇ, ಮುಖ ನೋಡಿದರೆ ಯಾರೂ ಅಲ್ಲ. ಒಂದು ಮಗುವಿನ ಭುಜ ಹಿಡಿದು ತಿರುಗಿಸಿಯೇ ಬಿಟ್ಟೆ, ಅದರ ತಾಯಿ ನನ್ನ ಕೈಯನ್ನು ಕಿತ್ತು ಎಸೆದಳು. ಅವಳ ತಪ್ಪಲ್ಲ. ಮುಂಬಾಗಿಲು ತಾನೇ ತೆರೆದುಕೊಂಡು ತಾನೇ ಮುಚ್ಚಿಕೊಳ್ಳುತ್ತಿತ್ತು, ಆಚೆ ಎಂಟು ಸಾಲು ಕಾರು ಓಡುವ ರಸ್ತೆ. ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ನಾಲ್ಕೂವರೆ ವರ್ಷದ ಮಗು ಎದುರು ನಿಂತರೂ ಆ ಬಾಗಿಲು ತೆರೆದುಕೊಳ್ಳುತ್ತದೆ, ಅದಕ್ಕೆ ಯಾರಾದರೇನು.

ಯಜಮಾನಿಯೇ ಓಡಿಹೋಗಿ ಒಬ್ಬ ಕಾವಲಿನ ಹೆಂಗಸನ್ನು ಕರೆದುಕೊಂಡು ಬಂದಳು. ಆಳೆತ್ತರದ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಮುಖದಲ್ಲಿ ನಗುವೂ ಇಲ್ಲ ಸಿಟ್ಟೂ ಇಲ್ಲ. ನಮ್ಮನ್ನು ಕೆಳಗಿನ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಒಂದು ಹಾಳೆ ತೆಗೆದು ಕೇಳುತ್ತಾ ಹೋದಳು, ಯಜಮಾನಿ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. "ಅಜ್ಜಿ, ವಯಸ್ಸೆಷ್ಟು ಅಂತ. ಅಜ್ಜಿ, ಎತ್ತರ ಎಷ್ಟು ಅಂತ. ಅಜ್ಜಿ, ಯಾವ ಬಣ್ಣದ ಅಂಗಿ ಅಂತ." ಎತ್ತರ ಕೈಯಲ್ಲಿ ತೋರಿಸಿದೆ. ಅಂಗಿಯ ಬಣ್ಣ ಹೊಳೆಯಲಿಲ್ಲ. ನಾನೇ ಬಟ್ಟೆ ಆರಿಸಿ, ನಾನೇ ಕತ್ತರಿಸಿ, ತೋಳು ಬಿಚ್ಚಿ ಎರಡು ಸಲ ಹೊಲಿದ ಅಂಗಿ ಅದು. "ಹಸಿರು, ಬಿಳಿ ಗುಂಡಿ" ಎಂದು ಯಜಮಾನಿಯೇ ಹೇಳಿದಳು. ಗಾಬರಿಯಲ್ಲಿ ಯಾರಿಗೆ ಏನು ಹೊಳೆಯುತ್ತದೆ ಹೇಳು. ಆ ಹೆಂಗಸು ನನ್ನನ್ನು ಒಂದು ಸಲ, ಹುಡುಗಿಯನ್ನು ಒಂದು ಸಲ ನೋಡಿ ಏನೋ ಬರೆದುಕೊಂಡಳು. ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದ ಮನೆಗೆ ಇಲ್ಲಿ ಸರ್ಕಾರದವರೇ ಬರುತ್ತಾರೆ, ಬೇಕಾದರೆ ಕರೆದುಕೊಂಡೂ ಹೋಗುತ್ತಾರೆ ಎಂದು ಮೇಲಿನ ಮನೆಯವಳು ಹೇಳಿದ್ದು ಆಗ ನೆನಪಾಯಿತು. ಬೇಕಾದ್ದು ನೆನಪಾಗಲಿಲ್ಲ, ಬೇಡದ್ದು ಬಂತು. ಹಾಳೆಯ ಕೆಳಗೆ ಕನ್ನಡದಲ್ಲಿ ರುಜು ಹಾಕಿದೆ, ಅಕ್ಷರವೆಲ್ಲ ಬಸವನ ಹುಳುವಿನ ದಾರಿಯಾಯಿತು.

ಆಮೇಲೆ ಮೈಕಿನಲ್ಲಿ ಕೂಗಿದರು. ಮೇಲಿನ ಚಾವಣಿಯಿಂದ ನಮ್ಮ ಮಗುವಿನ ಸ್ಕೂಲಿನ ಹೆಸರು ಬಂತು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. ಅವರ ಬಾಯಲ್ಲಿ ಸ್ವಲ್ಪ ಸೊಟ್ಟಗಾಗಿತ್ತು, ಆದರೂ ಅವನದೇ ಹೆಸರು. ಒಂದು ಸಲ ಕೂಗಿ ನಿಲ್ಲಿಸಿದರು. ಐದು ನಿಮಿಷ ಬಿಟ್ಟು ಮತ್ತೆ ಒಂದು ಸಲ. ಮತ್ತೆ ಐದು ನಿಮಿಷ. ಕಾವಲಿನವರು ಕಕ್ಕಸು ಕೋಣೆಗಳನ್ನು ನೋಡಿದರು, ಲಿಫ್ಟುಗಳನ್ನು ನೋಡಿದರು, ಆಟದ ಕುದುರೆಗಳ ಹತ್ತಿರ ನೋಡಿದರು. ಅಂಗಡಿಯವರೂ ನೋಡಿ ಇಲ್ಲ ಅಂದರಂತೆ. ಗೋಡೆಯ ಟಿವಿಗಳಲ್ಲಿ ಸಣ್ಣ ಸಣ್ಣ ಜನ ಓಡಾಡುತ್ತಿದ್ದರು, ನನಗೆ ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಅರ್ಧ ಗಂಟೆ ಕಳೆಯಿತು. ನಾನು ಆ ಅರ್ಧ ಗಂಟೆಯಲ್ಲಿ ನಿನಗೆ ಫೋನು ಮಾಡಿ ಹೇಗೆ ಹೇಳುವುದು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಹೇಳಿ ಮುಗಿಸಿದ್ದೆ. ನೀನು ಉತ್ತರ ಕೊಡುವ ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು.

ಆರನೆಯ ಸಲವೋ ಏಳನೆಯ ಸಲವೋ ಮೈಕು ಒಮ್ಮೆ ಕೂಗಿ ಸುಮ್ಮನಾದಾಗ ನನಗೆ ಹೊಳೆಯಿತು. ಒಂದೇ ಸಲ. ಇವರು ಒಂದೇ ಸಲ ಕರೆಯುತ್ತಿದ್ದಾರೆ. ಐದು ನಿಮಿಷಕ್ಕೊಮ್ಮೆ ಬರುವುದು ಪ್ರತಿ ಸಲವೂ ಒಂದೇ ಸಲ. ನಮ್ಮ ಮಗು ಎಲ್ಲೋ ಕೂತು ಕೇಳಿಸಿಕೊಳ್ಳುತ್ತಿದೆ, ಗಾಳಿ ಕರೆಯುತ್ತಿದೆ ಎಂದು ಬಾಯಿ ಬಿಗಿಹಿಡಿದು ಕೂತಿದೆ. ಕಲಿಸಿದವಳು ನಾನೇ. ನಾನು ಎದ್ದು ಹೋಗಿ ಆ ಮೈಕಿಗೆ ಕೈ ಹಾಕಿದೆ. ಕಾವಲಿನ ಹೆಂಗಸು ತಡೆದಳು. ಯಜಮಾನಿ ಅವಳಿಗೆ ಏನೇನೋ ವಿವರಿಸಿದಳು, ಮೂರು ಬೆರಳು ತೋರಿಸಿದಳು, ಅತ್ತಳು. ಆ ಹೆಂಗಸಿಗೆ ಎಷ್ಟು ಅರ್ಥವಾಯಿತೋ, ಗುಂಡಿ ಒತ್ತಿ ಮೈಕನ್ನು ನನ್ನ ಬಾಯಿಯ ಹತ್ತಿರ ತಿರುಗಿಸಿದಳು. "ಇಲಿಮರೀ" ಅಂದೆ. ನನ್ನ ದನಿ ನನಗೇ ಮೇಲಿನಿಂದ ಕೇಳಿಸಿತು. "ಇಲಿಮರೀ" ಅಂದೆ. ಉಸಿರು ಎಳೆದುಕೊಂಡು, ನಿನ್ನನ್ನು ಅಕ್ಕಿ ಡಬ್ಬದ ಹಿಂದಿನಿಂದ ಕರೆಯುತ್ತಿದ್ದ ಹಾಗೆ ಮೂರನೆಯದು ಕೂಗಿದೆ. ಆ ದೊಡ್ಡ ಕಟ್ಟಡದಲ್ಲಿ ಅಷ್ಟು ಜನ ಒಂದು ಗಳಿಗೆ ತಲೆಯೆತ್ತಿ ನೋಡಿರಬೇಕು.

ಮೂರನೇ ಮಹಡಿಯ ಅದೇ ಅಂಗಡಿ. ಕೋಟುಗಳ ಕಂಬಿಯ ನಡುವಿನಿಂದ 'ಓ' ಅಂದುಕೊಂಡು ಹೊರಗೆ ಬಂದನಂತೆ, ಶೂ ಹುಡುಗಿ ಎತ್ತಿಕೊಂಡು ಬಂದಳು. ತಲೆಯ ಮೇಲೆಲ್ಲ ಕೋಟಿನ ನಾರು, ಮುಖದ ತುಂಬ ಹೆಮ್ಮೆ. "ಮೇಲಿಂದ ಯಾರೋ ಒಂದೊಂದೇ ಸಲ ಕರೀತಿದ್ರು ಅಜ್ಜಿ, ನಾನು ಬರಲೇ ಇಲ್ಲ. ನೀನು ಮೂರು ಸಲ ಕರೆದೆ, ಬಂದೆ" ಅಂದ. ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಕಾಲಿನ ಬೆರಳಿನಿಂದ ಕಿವಿಯವರೆಗೂ ಮುಟ್ಟಿ ಮುಟ್ಟಿ ನೋಡಿದೆ. ಕಾವಲಿನ ಹೆಂಗಸು ಹಾಳೆಯ ಮೇಲೆ ಅಡ್ಡಗೆರೆ ಎಳೆದು ಒಳಗಿಟ್ಟಳು. ಹರಿದು ಹಾಕಲಿಲ್ಲ, ಒಳಗಿಟ್ಟಳು. ಅದು ಇನ್ನೂ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಅಳಿಯಂದಿರು ಬಂದಾಗ ವಿಷಯ ತಿಳಿದು ಮುಖ ಸುಣ್ಣವಾಯಿತು. ಮಗನನ್ನು ಎತ್ತಿಕೊಂಡು ಒಂದು ನಿಮಿಷ ಆ ಕಡೆ ತಿರುಗಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಆಗುತ್ತೆ ಬಿಡಿ ಅತ್ತೆ, ಮಕ್ಕಳು ಅಂದ್ರೆ ಹಾಗೇ, ಕಣ್ಣು ಮುಚ್ಚಿ ತೆಗೆಯೋದರೊಳಗೆ ಓಡಿಬಿಡ್ತಾರೆ" ಅಂದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನಿನಗೆ ಹೇಳಿದರೆ ತರಬೇತಿ ಬಿಟ್ಟು ಓಡಿಬರುತ್ತೀಯ ಎಂದು ಅವರೂ ಹೇಳಿಲ್ಲ, ಅವರ ಮೇಲೆ ಕೋಪ ಮಾಡಿಕೊಳ್ಳಬೇಡ.

ಆವತ್ತಿನಿಂದ ನನಗೆ ಭಯ ಬಿಟ್ಟಿಲ್ಲ. ಬಾಗಿಲ ಗಂಟೆ ಆದರೆ ಆ ಹಾಳೆ ಹಿಡಿದುಕೊಂಡು ಯಾರೋ ಬಂದರು ಅನಿಸುತ್ತದೆ. ಮೊನ್ನೆ ಮೀಟರು ನೋಡಲು ಬಂದವನನ್ನು ಕಂಡು ನಾನು ಮಕ್ಕಳನ್ನು ಹಿಂದೆ ತಳ್ಳಿ ಬಾಗಿಲು ಹಾಕಿಬಿಟ್ಟೆ. ಯಜಮಾನಿ ನನ್ನ ಹಿಂದೆಯೇ ಸುತ್ತುತ್ತಾಳೆ. ನಾನು ಅಡುಗೆಮನೆಯಿಂದ ಹೊರಗೆ ಬಂದರೆ ಅವಳು ಒಳಗೆ ಹೋಗಿ ಒಲೆಯ ಗುಂಡಿ ತಿರುಗಿಸಿ ನೋಡಿ ಬರುತ್ತಾಳೆ. ಈಗಿನಿಂದಲೇ ಸಂಸಾರ ಕಲಿಯುತ್ತಿದ್ದಾಳೆ ಅಂತ ನಿನ್ನ ಗಂಡನಿಗೆ ಹೇಳಿ ನಕ್ಕೆ.

ನೀನು ಚೆನ್ನಾಗಿ ಕಲಿತು ಬಾ. ಸುಟ್ಟ ಗಾಯದವರನ್ನು ಮುಟ್ಟುವ ಕೈ ನಿನ್ನದು, ಆ ಕೈಗೆ ನನ್ನ ಆಯುಸ್ಸೂ ಸೇರಿ ಬಲ ಬರಲಿ. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೂ ನನ್ನ ಆಶೀರ್ವಾದ ತಿಳಿಸು, ಅವಳ ಸೊಂಟದ ಅಳತೆ ಕಳಿಸಿದರೆ ಅವಳಿಗೂ ಒಂದು ನೈಟಿ ಹೊಲಿಯುತ್ತೇನೆ. ಇಲಿಮರಿಯ ಪರವಾಗಿ ಕೆನ್ನೆಗೆ ಎರಡು, ಯಜಮಾನಿಯ ಪರವಾಗಿ ಹಣೆಗೆ ಒಂದು ಮುತ್ತು.

ಇಂತಿ
ನಿನ್ನನ್ನು ಹೆತ್ತವಳು,
ಅಮ್ಮ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇಷ್ಟು ಪುಟ ಬರೆದು ಬರೆಯಬೇಕಾದ್ದನ್ನೇ ಬರೆದಿಲ್ಲ. ಹನ್ನೆರಡೂವರೆಗೆ ಇಲಿಮರಿಯ ವ್ಯಾನು ಬರುತ್ತದೆ, ಇನ್ನು ಹತ್ತು ನಿಮಿಷ ಇದೆ, ಬೇಗ ಬೇಗ ಬರೆಯುತ್ತೇನೆ. ಕೈ ಜಾರಿತು ಅಂದೆನಲ್ಲ, ಸುಳ್ಳು. ಅವನು ಓಡಿಹೋಗಲಿಲ್ಲ. "ಅಜ್ಜಿ, ನಾನು ಬಚ್ಚಿಟ್ಕೊಳ್ತೀನಿ, ಮೂರು ಸಲ ಕರಿ" ಅಂತ ಹೇಳಿಯೇ ಹೋದನಂತೆ, ನಾನು "ಹೂಂ" ಅಂದೆನಂತೆ. ನನಗೆ ಅದು ನೆನಪೇ ಇಲ್ಲ. ಇವತ್ತಿಗೂ ಇಲ್ಲ. ಕಾರಂಜಿಯ ಹತ್ತಿರ ಹಾಯಾಗಿ ಕೂತಿದ್ದೆ ಮಗಳೇ, ನೀರು ನೋಡುತ್ತಾ. "ತಮ್ಮ ಎಲ್ಲಿ ಅಜ್ಜಿ" ಎಂದು ಯಜಮಾನಿ ಕೇಳಿದಾಗ ನಾನು "ಯಾರ ತಮ್ಮ" ಅಂದೆ. ಕಾವಲಿನವಳು ಬಂದು ಮಕ್ಕಳು ಎಷ್ಟು ಎಂದು ಬೆರಳು ಮಡಿಚಿ ಬಿಡಿಸಿ ಕೇಳಿದಳು. ನಾನು ಒಂದು ಬೆರಳು ಎತ್ತಿದೆ. ಯಜಮಾನಿ ನನ್ನ ಮುಖ ನೋಡಿದಳು, ನನ್ನ ಕೈ ಹಿಡಿದು ಇನ್ನೊಂದು ಬೆರಳನ್ನು ತಾನೇ ಬಿಡಿಸಿ ನಿಲ್ಲಿಸಿದಳು. ಆಗ ಎಲ್ಲ ಒಟ್ಟಿಗೆ ನೆನಪಾಯಿತು, ಕಾಲು ಹೋದದ್ದು ಆವಾಗ. ಅವಳು ಇದನ್ನು ಅಪ್ಪನಿಗೂ ಹೇಳಿಲ್ಲ. ಒಂಬತ್ತು ವರ್ಷದ ಮಗು ಒಲೆ ನೋಡಿ ಬರುವುದು ಸಂಸಾರ ಕಲಿಯಲು ಅಲ್ಲ. ಎರಡು ಸಲ ಉರಿಯುತ್ತಲೇ ಬಿಟ್ಟಿದ್ದೆ.

ಈಗ ನನ್ನ ಸೆರಗಿನಲ್ಲಿ ಎರಡು ಪಿನ್ನು ಚುಚ್ಚಿಕೊಂಡಿದ್ದೇನೆ, ಒಂದು ಅವಳು, ಒಂದು ಅವನು. ಮುಟ್ಟಿ ಮುಟ್ಟಿ ಎಣಿಸುತ್ತೇನೆ. ಆದರೆ ವ್ಯಾನು ಬಂದ ಮೇಲೆ ಮೂರೂವರೆಯವರೆಗೆ ಮನೆಯಲ್ಲಿ ಅವನು, ನಾನು, ಇಬ್ಬರೇ. ನನಗೆ ಭಯ ಆಗುತ್ತದೆ, ನನ್ನ ಭಯವೇ ನನಗೆ. ತರಬೇತಿ ಬಿಡು ಅನ್ನಲಾರೆ, ಆದರೆ ಈ ಕಾಗದ ಮುಟ್ಟಿದ ದಿನವೇ ಗಂಡನಿಗೆ ಫೋನು ಮಾಡಿ ಹೇಳು, ನನ್ನ ಬಾಯಲ್ಲಿ ಬರುವುದಿಲ್ಲ. ಮಗುವನ್ನು ನೋಡಿಕೊಳ್ಳಲು ಬೇರೆ ಯಾರನ್ನಾದರೂ ಇಡಿ. ನನ್ನನ್ನು ನಿಮ್ಮ ದೊಡ್ಡ ಡಾಕ್ಟರಿಗೆ ತೋರಿಸಿ. ನೈಟಿಯ ಭುಜ ಸಡಿಲವಾದದ್ದು ನೀನು ಇಳಿದದ್ದಕ್ಕಲ್ಲ, ಹೊಲಿಯಲು ಕೂತಾಗ ನಿನ್ನ ಅಳತೆ ನೆನಪಿಗೆ ಬರಲಿಲ್ಲ, ಅಂದಾಜಿನಲ್ಲಿ ಕತ್ತರಿಸಿದೆ.

ನಿಮ್ಮಜ್ಜಿ ಕೊನೆಗೆ ಹೇಗಿದ್ದಳು ಎಂದು ನೀನು ನೋಡಿಲ್ಲ, ನೀನಾಗ ಹಾಸ್ಟೆಲಿನಲ್ಲಿದ್ದೆ. ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಅಮ್ಮಾ ಅಂತ ಮೂರು ಸಲ ಕರೆಯುತ್ತಿದ್ದೆ, ಆ ಆಟ ಕಲಿಸಿದವಳೇ ಮೂರಕ್ಕೂ ತಿರುಗುತ್ತಿರಲಿಲ್ಲ. ನಾನು ಅಲ್ಲಿಗೆ ಬಿಟ್ಟು ಮೆಷಿನ್ನಿಗೆ ಹೋಗಿ ಕೂತುಬಿಡುತ್ತಿದ್ದೆ, ಹೊಲಿಗೆ ಬಹಳ ಇತ್ತು. ವ್ಯಾನಿನ ಹಾರ್ನ್ ಆಯಿತು, ಇಳಿಯುತ್ತೇನೆ. ನಾಳೆ ನಾಳಿದ್ದು ನೀನು ಕರೆದಾಗ ನಾನು ಓಗೊಡದೆ ಕೂತಿದ್ದರೆ, ಮೂರಕ್ಕೇ ನಿಲ್ಲಿಸಬೇಡ ಮಗಳೇ. ನಾಲ್ಕನೇ ಸಲವೂ ಕರಿ.